ನಿಧಾನವಾದ ಬಸ್ಸು, ನಿಧಾನವಾಗಿ ಹೋದ ಬಸ್ಸು

ಕೇಳುಗರೆಲ್ಲರಿಗೂ ನಮಸ್ಕಾರ. ಧಾರವಾಡದ ಈ ಸ್ಟುಡಿಯೋದಲ್ಲಿ ಕೂತಾಗ ನನ್ನ ಕಣ್ಣ ಮುಂದೆ ಬರುವುದು ಹಾವೇರಿ ಕಡೆಯ ಒಂದು ಮನೆ. ಹತ್ತನೇ ಇಯತ್ತೆಯ ಹುಡುಗಿ ಇಂಗ್ಲಿಷ್ ಪುಸ್ತಕ ಹಿಡಿದಿದ್ದಾಳೆ. ಪಕ್ಕದಲ್ಲಿ ಅವಳ ತಾಯಿ ರೇಡಿಯೋ ಹಚ್ಚಿಕೊಂಡು ಮೆಂತ್ಯೆ ಸೊಪ್ಪು ಸೋಸುತ್ತಿದ್ದಾರೆ. ಇಬ್ಬರಿಗೂ ಹೇಳ್ತೀನಿ. ಅಡ್ಜೆಕ್ಟಿವ್, ಅಡ್ವರ್ಬ್ ಅಂದರೆ ಹೆದರಬೇಡಿ. ಎರಡೂ ಆಗಲೇ ನಿಮ್ಮ ಬಾಯಲ್ಲಿವೆ.

‘ನಿಧಾನವಾದ ಬಸ್ಸು’ ಅಂತೀವಿ. ‘ಬಸ್ಸು ನಿಧಾನವಾಗಿ ಹೋಯಿತು’ ಅಂತೀವಿ. ಒಂದರಲ್ಲಿ ‘ಆದ’, ಇನ್ನೊಂದರಲ್ಲಿ ‘ಆಗಿ’. ‘ಆದ’ ಬಂದಾಗ ಆ ಮಾತು ಬಸ್ಸಿಗೆ, ಅಂದರೆ ನಾಮಪದಕ್ಕೆ ಅಂಟಿದೆ. ಅದು ಅಡ್ಜೆಕ್ಟಿವ್. ‘ಆಗಿ’ ಬಂದಾಗ ಹೋಗುವ ಕೆಲಸಕ್ಕೆ, ಕ್ರಿಯಾಪದಕ್ಕೆ ಅಂಟಿದೆ. ಅದು ಅಡ್ವರ್ಬ್. ಸ್ಲೋ ಬಸ್. ದಿ ಬಸ್ ವೆಂಟ್ ಸ್ಲೋಲಿ. ಯಾವುದಕ್ಕೆ ಅಂಟಿದೆ, ಅಷ್ಟು ನೋಡಿದರೆ ಸಾಕು.

ಆದರೆ ಗೈಡುಗಳಲ್ಲಿ ಏನಿರುತ್ತೆ? ಕೊನೆಗೆ ಎಲ್-ವೈ ಇದ್ದರೆ ಅಡ್ವರ್ಬ್ ಅಂತ. ನನಗೆ ಸಿಟ್ಟು ಬರುವುದು ಇಲ್ಲೇ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡ್ತೀವಿ. ಬರೀ ಬಾಲ ನೋಡಿ ಯಾರಾದರೂ ರೊಕ್ಕ ಎಣಿಸ್ತಾರಾ? ಫ್ರೆಂಡ್ಲಿ, ಲವ್ಲಿ ಎರಡಕ್ಕೂ ಆ ಬಾಲ ಇದೆ. ಎರಡೂ ಅಡ್ಜೆಕ್ಟಿವ್.

ಈ ಬಾಲ ನಂಬಿ ನಾನೇ ಕೆಟ್ಟಿದ್ದೇನೆ. ಡಿಗ್ರಿ ಮುಗಿದ ವರ್ಷ ಗದಗಿನಿಂದ ಪ್ಯಾಸೆಂಜರ್ ಗಾಡಿ ಹತ್ತಿ ಹುಬ್ಬಳ್ಳಿಗೆ ಇಂಟರ್‌ವ್ಯೂಗೆ ಬಂದೆ. ಅಂಗಿ ನಮ್ಮ ಕಾಕಾನ ಮಗನದು. ತೋಳು ಉದ್ದ, ಒಳಗೆ ಎರಡು ಮಡಿಕೆ ಹಾಕಿದ್ದೆ. ಅರ್ಜಿ ಮಾತ್ರ ನನ್ನದೇ, ಮೂರು ಸಲ ತಿದ್ದಿ ಬರೆದದ್ದು. ಕೊನೆಯ ಸಾಲಿನ ಮೇಲೆ ನನಗೆ ಬಹಳ ಅಭಿಮಾನ: ‘ಐ ವಿಲ್ ವರ್ಕ್ ಹಾರ್ಡ್ಲಿ.’ ಕಷ್ಟಪಟ್ಟು ದುಡಿಯುತ್ತೇನೆ ಅಂತ ನನ್ನ ಲೆಕ್ಕ. ಮೇಜಿನ ಆಚೆ ಕೂತ ಹಿರಿಯರು ಓದಿದರು. ಕನ್ನಡಕ ತೆಗೆದರು. ಧೋತರದ ಚುಂಗಿನಿಂದ ಒರೆಸಿ ಹಾಕಿಕೊಂಡರು. ಮತ್ತೆ ಓದಿದರು.

“ತಮ್ಮಾ, ಕೆಲಸ ಮಾಡೂದಿಲ್ಲ ಅಂತ ನೀನ ಬರದ ಕೊಟ್ಟೀಯಲ್ಲೋ. ಪಗಾರ ಯಾಕ ಕೊಡೂಣು?”

ನಾನು ಪಿಳಿಪಿಳಿ ನೋಡಿದೆ. ಹಾರ್ಡ್ಲಿ ಅಂದರೆ ಇಲ್ಲವೇನೋ ಅನ್ನುವಷ್ಟು ಕಡಿಮೆ ಅಂತೆ! ಕಷ್ಟಪಟ್ಟು ಅನ್ನಲಿಕ್ಕೆ ಬರೀ ಹಾರ್ಡ್ ಸಾಕು. ಹಾರ್ಡ್ ವರ್ಕ್, ವರ್ಕ್ ಹಾರ್ಡ್. ರೂಪ ಒಂದೇ, ಅಂಟುವ ಜಾಗ ಬೇರೆ. ಅವರು ತಮ್ಮ ಪೆನ್ನು ಮುಂದೆ ಸರಿಸಿ, “ಎರಡ ಅಕ್ಷರ ಹೊಡದ ಹಾಕು” ಅಂದರು. ಹೊಡೆದೆ. ಕೆಲಸ ಸಿಗಲಿಲ್ಲ. ಗಾಬರಿಯಲ್ಲಿ ಅವರ ಪೆನ್ನು ನನ್ನ ಕಿಸೆಯಲ್ಲೇ ಗದಗಿಗೆ ಬಂತು.

ಅಯ್ಯೋ, ಗಾಜಿನ ಆಚೆಯಿಂದ ಬೆರಳು ತೋರಿಸ್ತಿದ್ದಾರೆ. ಒಂದೇ ನಿಮಿಷ ಉಳಿದಿದೆಯಂತೆ. ಬೇಗ ಹೇಳಿಬಿಡ್ತೀನಿ. ಫಾಸ್ಟ್ ಕೂಡ ಹಾರ್ಡ್ ಇದ್ದ ಹಾಗೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ನಮ್ಮ ಚಿಗರಿ ಬಸ್ಸು ಫಾಸ್ಟ್ ಬಸ್, ಇಟ್ ರನ್ಸ್ ಫಾಸ್ಟ್. ಫಾಸ್ಟ್ಲಿ ಅನ್ನೋ ಮಾತೇ ಇಲ್ಲ, ದಯವಿಟ್ಟು ಬರೀಬೇಡಿ. ಗುಡ್ ಸಿಂಗರ್, ಸಿಂಗ್ಸ್ ವೆಲ್. ಒಳ್ಳೆಯ ಹಾಡುಗಾರ, ಚೆನ್ನಾಗಿ ಹಾಡ್ತಾನೆ. ಕನ್ನಡದಲ್ಲೂ ಮಾತು ಬದಲಾಯ್ತು, ಅಲ್ವಾ?

ಇನ್ನು ಪೇಢಾ. ‘ದಿ ಪೇಢಾ ಟೇಸ್ಟ್ಸ್ ಸ್ವೀಟ್’, ಸ್ವೀಟ್ಲಿ ಅಲ್ಲ. ಕನ್ನಡದಲ್ಲಿ ‘ಸಿಹಿಯಾಗಿದೆ’ ಅಂತೀವಲ್ಲ, ಅಲ್ಲಿ ‘ಆಗಿ’ ಬಂತಲ್ಲ ಅಂತ ಆ ಹುಡುಗಿ ಕೇಳ್ತಾಳೆ. ಕೇಳಲಿ, ಶಾಣ್ಯಾ ಹುಡುಗಿ. ಆದರೆ ನೋಡು ತಂಗಿ, ಪೇಢಾ ಸುಮ್ನೆ ತಟ್ಟೆಯಲ್ಲಿ ಕೂತಿದೆ, ಅದೇನು ಕೆಲಸ ಮಾಡ್ತಿದೆ? ರುಚಿ ನೋಡುವವಳು ನೀನು. ಸಿಹಿ ಅಂಟಿದ್ದು ಪೇಢಾಕ್ಕೆ.

ಗಾಜಿನ ಆಚೆ ಈಗ ಎರಡೂ ಕೈ ಎತ್ತಿದರು. ನಮಸ್ಕಾರ.