ಕೊಡದೊಳಗಿನ ಓಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬೀದಿಯಲ್ಲಿ ತಿಂಗಳಿಗೊಮ್ಮೆ ಚೀಟಿ ಎತ್ತುತ್ತಾರೆ. ಹೆಸರು ಬರೆದ ಕಾಗದಗಳನ್ನು ಮಡಿಸಿ ಸ್ಟೀಲ್ ಡಬ್ಬಿಗೆ ಹಾಕಿ, ಚೆನ್ನಾಗಿ ಕುಲುಕಿ, ಅಲ್ಲೇ ಆಡುತ್ತಿರುವ ಯಾವುದಾದರೂ ಮಗುವಿನ ಕೈಲಿ ಒಂದನ್ನು ಎತ್ತಿಸುತ್ತಾರೆ. ಯಾರ ಹೆಸರು ಬಂದರೂ ಜಗಳವಿಲ್ಲ. ದುಡ್ಡಿಗೇನೋ ಸರಿ. ಊರಿನ ಅಧಿಕಾರವನ್ನೂ ಹೀಗೇ ಹಂಚಿದರೆ?

ಹಂಚಿದ್ದರು. ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನಲ್ಲಿ. ಅಲ್ಲಿನ ವೈಕುಂಠ ಪೆರುಮಾಳ್ ದೇವಸ್ಥಾನದ ಕಲ್ಲುಗೋಡೆಯಲ್ಲಿ ಚೋಳ ದೊರೆ ಒಂದನೇ ಪರಾಂತಕನ ಕಾಲದ ಎರಡು ಶಾಸನಗಳಿವೆ. ಒಂದು 919ನೇ ಇಸವಿಯದು, ಇನ್ನೊಂದು 921ರದು. ಎರಡೇ ವರ್ಷದಲ್ಲಿ ನಿಯಮ ತಿದ್ದಿದ್ದಾರೆ ನೋಡಿ! ಪದ್ಧತಿಯ ಹೆಸರು ಕುಡವೋಲೈ. ನಮ್ಮ ಕೊಡ, ನಮ್ಮ ಓಲೆ, ಅಷ್ಟೇ.

ಊರಿನಲ್ಲಿ 30 ಕೇರಿಗಳು. ಒಂದೊಂದು ಕೇರಿಗೂ ಅರ್ಹರ ಹೆಸರನ್ನು ಓಲೆಯಲ್ಲಿ ಬರೆದು, ಕಟ್ಟು ಕಟ್ಟಿ ಕೊಡಕ್ಕೆ ಹಾಕುತ್ತಿದ್ದರು. ಚಿಕ್ಕವರು, ದೊಡ್ಡವರು ಎಲ್ಲ ಮಂಟಪದಲ್ಲಿ ಸೇರಬೇಕು. ಹಿರಿಯ ಪೂಜಾರಿ ಎಲ್ಲರಿಗೂ ಕಾಣುವಂತೆ ಕೊಡವನ್ನು ಎತ್ತಿ ಹಿಡಿಯಬೇಕು. ಒಳಗೇನಿದೆ ಅಂತ ಗೊತ್ತಿಲ್ಲದ ಹುಡುಗನೊಬ್ಬ ಒಂದು ಕಟ್ಟು ತೆಗೆಯಬೇಕು. ಅದನ್ನು ಬಿಚ್ಚಿ ಇನ್ನೊಂದು ಕೊಡಕ್ಕೆ ಹಾಕಿ ಕುಲುಕಿದ ಮೇಲೆ, ಅವನೇ ಒಂದು ಓಲೆ ಎತ್ತಿ ಮಧ್ಯಸ್ಥನಿಗೆ ಕೊಡಬೇಕು. ಮಧ್ಯಸ್ಥ ಅದನ್ನು ಐದೂ ಬೆರಳು ಬಿಚ್ಚಿದ ಅಂಗೈಯಲ್ಲೇ ತೆಗೆದುಕೊಳ್ಳಬೇಕು! ಬೆರಳ ಸಂದಿಯಲ್ಲಿ ಬೇರೆ ಓಲೆ ಇಟ್ಟುಕೊಂಡು ಬದಲಾಯಿಸಿಬಿಟ್ಟರೆ? ಇಂಥ ಕೈಚಳಕ ಯಾರೋ ಒಮ್ಮೆ ತೋರಿಸಿದ್ದಿರಬೇಕು ಅಂತ ನನ್ನ ಗುಮಾನಿ. ಅವನು ಓದಿದ ಹೆಸರನ್ನು ಅಲ್ಲಿದ್ದ ಪೂಜಾರಿಗಳೆಲ್ಲ ಮತ್ತೆ ಓದಬೇಕು.

ಹೀಗೆ ಸಿಕ್ಕ 30 ಜನರಲ್ಲಿ ಅನುಭವವಿದ್ದ 12 ಮಂದಿ ವಾರ್ಷಿಕ ಸಮಿತಿಗೆ, 12 ಮಂದಿ ತೋಟಕ್ಕೆ, ಉಳಿದ 6 ಮಂದಿ ಕೆರೆಗೆ. ಒಂದೇ ವರ್ಷ ಅಧಿಕಾರ. ಆಮೇಲೆ ಮೂರು ವರ್ಷ ಅವರ ಹೆಸರು ಆ ಕೊಡದ ಹತ್ತಿರ ಸುಳಿಯುವ ಹಾಗಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ನಿಯಮ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಬರೆಯುವಂತಿಲ್ಲ. ಅವನಷ್ಟೇ ಅಲ್ಲ, ಅವನ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಸೋದರಮಾವ, ಹೆಣ್ಣು ಕೊಟ್ಟ ಮಾವ, ಭಾವಮೈದ, ಅಳಿಯ, ಯಾರದ್ದೂ ಇಲ್ಲ. ನಮ್ಮ ಬೀದಿಯಲ್ಲೂ ಕಂತು ಕಟ್ಟದವರ ಚೀಟಿ ಡಬ್ಬಿಗೆ ಬೀಳುವುದಿಲ್ಲ. ಆದರೆ ಭಾವಮೈದನವರೆಗೆ ನಾವು ಹೋಗಿಲ್ಲ.

ಹಾಗಂತ ಸುಮ್ನೆ ಹೊಗಳಲಾರೆ. ಅದು ಬ್ರಾಹ್ಮಣರ ಅಗ್ರಹಾರ. ತೆರಿಗೆ ಕಟ್ಟುವ ಜಮೀನು, ಸ್ವಂತ ಜಾಗದಲ್ಲಿ ಮನೆ, ವೇದದ ಓದು ಇರಬೇಕಿತ್ತು. ವಯಸ್ಸು 35ರಿಂದ 70ರ ಒಳಗೆ. ಹೆಂಗಸರಿಗೆ, ಹೊಲದಲ್ಲಿ ದುಡಿಯುವವರಿಗೆ ಓಲೆಯೇ ಇಲ್ಲ. ಹುಡುಗ ಎಷ್ಟೇ ಮುಗ್ಧನಾಗಿದ್ದರೂ ಕೊಡದಲ್ಲಿ ಇಲ್ಲದ ಹೆಸರನ್ನು ಹೇಗೆ ಎತ್ತಿಯಾನು?

ಇದಕ್ಕೂ ಸುಮಾರು ಸಾವಿರದ ನಾನೂರು ವರ್ಷ ಮೊದಲು ಗ್ರೀಸಿನ ಅಥೆನ್ಸ್‌ನಲ್ಲೂ 500 ಜನರ ಮಂಡಳಿಯನ್ನು ಚೀಟಿಯಿಂದಲೇ ಆರಿಸುತ್ತಿದ್ದರು. ಆದರೆ ಯುದ್ಧದ ಸೇನಾಪತಿಗಳನ್ನು ಮಾತ್ರ ಮತ ಹಾಕಿಯೇ ಆರಿಸುತ್ತಿದ್ದರು. ಜಾಣರು.

ನಮ್ಮ ಕಾನೂನಿನಲ್ಲೂ ಚೀಟಿಗೆ ಒಂದು ಸಣ್ಣ ಮೂಲೆ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್. ಇಬ್ಬರಿಗೂ ಸರಿಸಮ ಮತ ಬಿದ್ದು, ಇನ್ನೊಂದೇ ಮತದಿಂದ ಗೆಲುವು ತೀರ್ಮಾನವಾಗುವಂತಿದ್ದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಬಂದವರಿಗೆ ಒಂದು ಮತ ಹೆಚ್ಚು ಸಿಕ್ಕಿತು ಅಂತ ಲೆಕ್ಕ.

ಶಾಸಕರನ್ನು ಡಬ್ಬಿಯಿಂದ ಎತ್ತಿ ಅಂತ ನಾನು ಹೇಳುವುದಿಲ್ಲ. ಅವರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸುವ ಸುಖ ನನಗೆ ಬೇಕು. ಆದರೆ ನಮ್ಮ ಬಡಾವಣೆಯ ಪಾರ್ಕು, ಕೆರೆ? ಕೆರೆಗೆ ಆರು ಜನ ಸಾಕು. ಡಬ್ಬಿ ಹೇಗೂ ಇದೆ, ಕಾಗದ ನಾನು ತರುತ್ತೇನೆ.

ನಮಸ್ಕಾರ.