ಸ್ಟೆಬಿಲೈಸರ್ ಬಾರ್: ಹಿಂದಿನದನ್ನು ಮೊದಲು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಘಾಟಿಯ ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲುತ್ತದೆ, ಹಿಂದೆ ಕೂತವರು ಬಾಗಿಲ ಮೇಲಿನ ಹಿಡಿಕೆಗೆ ಕೈ ಹಾಕುತ್ತಾರೆ. ಈ ವಾಲಾಟ ತಡೆಯಲೆಂದೇ ಕಾರಿನ ಅಡಿಯಲ್ಲಿ ಒಂದು ಉಕ್ಕಿನ ಸರಳು ಇರುತ್ತದೆ. ಗ್ಯಾರೇಜಿನಲ್ಲಿ ಸ್ಟೆಬಿಲೈಸರ್ ಬಾರ್ ಅನ್ನುತ್ತಾರೆ, ಸ್ವೇ ಬಾರ್ ಅಂದರೂ ಅದೇ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಅಡ್ಡಲಾಗಿ ಕೂತಿರುತ್ತದೆ. ಒಂದು ಚಕ್ರ ಮೇಲೆದ್ದು ಇನ್ನೊಂದು ಕೆಳಗಿಳಿದರೆ ಸರಳು ತಿರುಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಅದು ಕೈಗೆ ಎದುರೊತ್ತುತ್ತದಲ್ಲ, ಹಾಗೆ ಈ ಸರಳು ವಾಲಾಟಕ್ಕೆ ಎದುರೊತ್ತುತ್ತದೆ.

ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರಾಗಿದ್ದು, ದಪ್ಪ ಬಾರ್ ಹಾಕಿಸುವ ಮನಸ್ಸಿದ್ದರೆ, ಮುಂದಿನ ಚಕ್ರಗಳಿಗೆ ಬೇಡ, ಹಿಂದಿನ ಚಕ್ರಗಳಿಗೆ ಹಾಕಿಸಿ.

ಪರಿಚಯದ ಹುಡುಗನೊಬ್ಬನ ಹತ್ತಿರ ಹಳೆಯ ಸೆಡಾನ್ ಇತ್ತು. ಚಾರ್ಮಾಡಿಯಲ್ಲಿ ತುಂಬಾ ವಾಲುತ್ತದೆ ಅಂತ ಯಾರದೋ ಮಾತು ಕೇಳಿ ಮುಂದಿನ ಬಾರನ್ನು ದಪ್ಪದ್ದು ಮಾಡಿಸಿಕೊಂಡ. ವಾಲುವುದೇನೋ ಕಡಿಮೆಯಾಯಿತು. ಆದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರಿನ ಮೂತಿ ತಿರುವಿನ ಹೊರಕ್ಕೇ ಓಡುತ್ತದೆ! ಅವನ ಜೊತೆ ಕೊಟ್ಟಿಗೆಹಾರದಿಂದ ಇಳಿದೆ. ಒಂದೊಂದು ತಿರುವಿಗೂ ಮುಂದಿನ ಹೊರ ಟೈರು ಕಿರುಚುತ್ತಿತ್ತು. ಕೆಳಗೆ ನಿಲ್ಲಿಸಿ ತೋರಿಸಿದೆ: ಮುಂದಿನ ಟೈರುಗಳ ಹೊರ ಅಂಚಿನಲ್ಲಿ ರಬ್ಬರ್ ಸಣ್ಣ ಸುರುಳಿ ಸುರುಳಿಯಾಗಿ ಕಿತ್ತು ಬಂದಿತ್ತು, ಹಿಂದಿನವು ಹೊಸದರ ಹಾಗಿದ್ದವು.

ಕಾರಣ ಸರಳ. ತಿರುವಿನಲ್ಲಿ ಒಳ ಚಕ್ರದ ಭಾರ ಹೊರ ಚಕ್ರಕ್ಕೆ ಸರಿಯುತ್ತದೆ. ಬಾರ್ ದಪ್ಪ ಮಾಡಿದಿರಿ ಅಂತ ಆ ಭಾರ ಕರಗುವುದಿಲ್ಲ, ಮುಂದೆಷ್ಟು ಹಿಂದೆಷ್ಟು ಅನ್ನುವ ಪಾಲು ಮಾತ್ರ ಬದಲಾಗುತ್ತದೆ. ಎಂಜಿನ್ ಹೊರುವುದು, ಎಳೆಯುವುದು, ತಿರುಗಿಸುವುದು ಎಲ್ಲ ಮೊದಲೇ ಮುಂದಿನ ಟೈರಿನ ತಲೆಗೆ. ಇನ್ನಷ್ಟು ಪಾಲು ಅದಕ್ಕೇ ಕೊಟ್ಟರೆ ಅದು ಜಾರದೆ ಏನು ಮಾಡೀತು? ಮುಂದಕ್ಕೆ ಕಂಪನಿ ಬಾರನ್ನೇ ವಾಪಸ್ ಹಾಕಿಸಿ, ಹಿಂದಕ್ಕೆ ತುಸು ದಪ್ಪದ್ದು ಹಾಕಿಸಿದೆವು. ಅದೇ ಘಾಟಿ, ಅದೇ ಟೈರು, ಸ್ಟೇರಿಂಗ್ ಹೇಳಿದ ಕಡೆಗೆ ಮೂತಿ ಹೋಯಿತು. ಆ ಹುಡುಗನ ಮುಖ ನೋಡಬೇಕಿತ್ತು!

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಹಿಂದಕ್ಕೆ ಹಾಕಿಸಿ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ದಪ್ಪದ ಆಸೆ ಬೇಡ. 20 ಮಿಲಿಮೀಟರ್ ಸರಳನ್ನು 22 ಮಾಡಿದರೇ ಬಿಗಿ ಸುಮಾರು 46 ಶೇಕಡಾ ಏರುತ್ತದೆ. ಅತಿಯಾದರೆ ಮಳೆಯಲ್ಲಿ ಹಿಂಬದಿ ಜಾರುತ್ತದೆ, ಒಂದು ಚಕ್ರ ಗುಂಡಿಗೆ ಬಿದ್ದರೆ ಏಟು ಆಚೆ ಚಕ್ರಕ್ಕೂ ತಗಲುತ್ತದೆ. ಸಣ್ಣ ಕಾರುಗಳಲ್ಲಿ ಹಿಂದೆ ಪ್ರತ್ಯೇಕ ಬಾರ್ ಇಲ್ಲದಿರುವುದೇ ಹೆಚ್ಚು. ಎರಡು ಚಕ್ರ ಜೋಡಿಸುವ ಅಡ್ಡ ತೊಲೆಯೇ ತಿರುಚಿಕೊಂಡು ಆ ಕೆಲಸ ಮಾಡುತ್ತದೆ. ಅಂಥ ಕಾರಿಗೆ ಆ ತೊಲೆಗೆಂದೇ ತಯಾರಿಸಿದ ಬಾರ್ ಸಿಗದಿದ್ದರೆ ಸುಮ್ಮನಿದ್ದುಬಿಡಿ, ವೆಲ್ಡಿಂಗ್ ಮಾಡಿಸಲು ಹೋಗಬೇಡಿ.

ಹಂಪ್ ದಾಟುವಾಗ ಕಟಕಟ ಸದ್ದು ಬರುತ್ತಿದ್ದರೆ ಮೊದಲು ಬಾರಿನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್, ಬಾರನ್ನು ಹಿಡಿದಿಡುವ ರಬ್ಬರ್ ಬುಶ್ ನೋಡಿಸಿ. ಅವು ಸವೆದಿದ್ದರೆ ಹೊಸ ಬಾರಿಗೆ ಕೊಟ್ಟ ಹಣ ದಂಡ. ರಬ್ಬರಿನ ಬದಲು ಅದಕ್ಕಿಂತ ಗಟ್ಟಿಯಾದ ಪಾಲಿಯುರಿಥೇನ್ ಬುಶ್ ಹಾಕಿಸಿದರೆ ಒಳಗೆ ಸಿಲಿಕೋನ್ ಗ್ರೀಸ್ ಹಚ್ಚಿದರೋ ಇಲ್ಲವೋ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ, ಮಾಮೂಲಿ ಗ್ರೀಸ್ ಸಾಲದು. ನಮಸ್ಕಾರ.