ಕಲ್ಲಿಗೆ ಗೊತ್ತು ಕಡಲಿನ ಏರಿಳಿತ

ಕೇಳುಗರಿಗೆ ನಮಸ್ಕಾರ. ಹಳೆಯ ಹಿಮಯುಗಗಳನ್ನೂ ಕಡಲಿನ ಏರಿಳಿತವನ್ನೂ ಕಲ್ಲಿನಲ್ಲಿ ಓದುವುದು ಹೇಗೆ ಎಂಬುದು ಇಂದಿನ ಮಾತು.

ನುಣುಪಾದ ಜೇಡಿಕಲ್ಲಿನ ಪದರಗಳ ನಡುವೆ ತಲೆಗಾತ್ರದ ಗ್ರಾನೈಟ್ ಗುಂಡೊಂದು ಹೂತಿದೆ ಎನ್ನಿ. ಜೇಡಿಕಲ್ಲಾಗುವ ಇಷ್ಟು ನುಣ್ಣನೆಯ ಕೆಸರು ತಳಕ್ಕಿಳಿಯಬೇಕಾದರೆ ನೀರು ಅಲುಗದೆ ನಿಂತಿರಬೇಕು. ನಿಂತ ನೀರು ಗುಂಡುಕಲ್ಲನ್ನು ಹೊತ್ತು ತಂದೀತೇ? ಹತ್ತಿರ ಹೋಗಿ ನೋಡಿದರೆ, ಗುಂಡಿನ ಅಡಿಯ ಪದರಗಳು ಕೆಳಕ್ಕೆ ಬಾಗಿ ಹರಿದಿವೆ. ಮೇಲಿನವು ಅದಕ್ಕೆ ಹೊದಿಸಿದಂತಿವೆ. ಅಂದರೆ ಕಲ್ಲು ಮೇಲಿನಿಂದ ಬಿದ್ದಿದೆ. ತೇಲುತ್ತಿದ್ದ ಹಿಮಗಡ್ಡೆ ಕರಗುವಾಗ ಉದುರಿದ ಇಂಥ ಕಲ್ಲಿಗೆ ಡ್ರಾಪ್‌ಸ್ಟೋನ್ ಎನ್ನುತ್ತಾರೆ. ತೇಲುವ ಮರದ ಬೇರಿನಿಂದಲೂ ಕಲ್ಲು ಬೀಳಬಹುದು. ಹಾಗಾಗಿ ಒಂದೇ ಕಲ್ಲು ನೋಡಿ ಹಿಮಯುಗ ಎಂದುಬಿಡಬಾರದು.

ಹೆಚ್ಚು ಜನ ಎಡವುವುದು ಟಿಲ್ಲೈಟಿನಲ್ಲಿ. ಹಿಮನದಿ ಬಿಟ್ಟುಹೋದ ಕೆಸರು, ಮರಳು, ಬಂಡೆಗಳ ಕಲಸುಮೇಲೋಗರ ಅದು. ಗುಡ್ಡ ಕುಸಿದು ಹರಿದ ರಾಡಿಯೂ ಗಟ್ಟಿಯಾದ ಮೇಲೆ ಹಾಗೆಯೇ ಕಾಣುತ್ತದೆ. ಬಂಡೆಗಳ ಉಜ್ಜಿ ಚಪ್ಪಟೆಯಾದ ಮುಖ, ಮೈಮೇಲಿನ ಗೀರು, ಅಡಿಯ ಹಾಸುಗಲ್ಲಿನಲ್ಲಿ ಒಂದೇ ದಿಕ್ಕಿಗೆ ಎಳೆದ ಗೆರೆ ಸಿಕ್ಕರೆ ಮಾತ್ರ ಹಿಮದ ಪಕ್ಷ ಬಲವಾಗುತ್ತದೆ. ಒಡಿಶಾದ ತಾಲ್ಚೇರ್ ಗುಂಡುಕಲ್ಲಿನ ಪದರಕ್ಕೆ ಹಿಮವೇ ಕಾರಣ ಎಂಬ ಮಾತು 1850ರ ದಶಕದಲ್ಲೇ ಬಂದಿತ್ತು. ಆ ಪದರಕ್ಕೆ ಸುಮಾರು 30 ಕೋಟಿ ವರ್ಷ.

ನೆಲದ ಮೇಲೆ ಹಿಮ ಕೂಡಿದಷ್ಟೂ ಕಡಲು ಇಳಿಯುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಅದು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ತಾಲ್ಚೇರ್ ಕಾಲದಲ್ಲಿ ಭಾರತವೂ ಸೇರಿದ್ದ ದಕ್ಷಿಣದ ಮಹಾಖಂಡ ಗೊಂಡ್ವಾನಾದ ಹಿಮದ ಲೆಕ್ಕ ಬರೆದಿರುವುದು ದೂರದ ಅಮೆರಿಕದ ಇಲಿನಾಯ್, ಕ್ಯಾನ್ಸಸ್‌ಗಳಲ್ಲಿ. ಬೇರಿನ ಗುರುತಿರುವ ಹಳೆಯ ಮಣ್ಣು, ಮೇಲೆ ಕಲ್ಲಿದ್ದಲು, ಅದರ ಮೇಲೆ ಕಡಲ ಚಿಪ್ಪುಗಳ ಸುಣ್ಣಕಲ್ಲು, ಮತ್ತೆ ಮಣ್ಣು: ಇದೇ ಸರಣಿ ಹತ್ತಾರು ಸಲ. ಒಂದೊಂದು ಸಲವೂ ಕಡಲು ಏರಿ ಇಳಿದ ಗುರುತು. ಸುಣ್ಣಕಲ್ಲಿನ ನೆತ್ತಿಯಲ್ಲಿ ಮಳೆನೀರು ಕೊರೆದ ಪೊಟರೆಗಳಿದ್ದರೆ ಕಡಲು ಅಲ್ಲಿಂದ ಹಿಂದೆ ಸರಿದಿತ್ತು ಎಂದೇ ಅರ್ಥ. ಆದರೆ ನೆಲವೇ ಏರಿ ಇಳಿದರೂ ಇಂಥ ಗುರುತು ಉಳಿಯುತ್ತದೆ. ಬೇರೆ ಖಂಡಗಳಲ್ಲೂ ಅದೇ ಹೊತ್ತಿಗೆ ಇದೇ ಆಗಿದೆಯೇ ಎಂದು ತಾಳೆ ನೋಡದೆ ಗತ್ಯಂತರವಿಲ್ಲ.

ಇನ್ನು ಆಮ್ಲಜನಕ. ಹಗುರವಾದ ಆಮ್ಲಜನಕ-16 ಇರುವ ನೀರು ಸುಲಭವಾಗಿ ಆವಿಯಾಗಿ ಹಿಮದಲ್ಲಿ ಸಿಕ್ಕಿಬೀಳುತ್ತದೆ. ಕಡಲಲ್ಲಿ ಭಾರವಾದ ಆಮ್ಲಜನಕ-18ರ ಪಾಲು ಏರುತ್ತದೆ, ಆ ನೀರಿನಲ್ಲಿ ಬೆಳೆದ ಚಿಪ್ಪುಗಳಲ್ಲೂ ಅದೇ. ತೊಡಕೆಂದರೆ, ನೀರು ತಣ್ಣಗಾದರೂ ಚಿಪ್ಪಿನಲ್ಲಿ ಆಮ್ಲಜನಕ-18 ಹೆಚ್ಚುತ್ತದೆ. ಹಿಮದ ಪಾಲನ್ನೂ ತಂಪಿನ ಪಾಲನ್ನೂ ಬಿಡಿಸಲು, ನೀರಿನ ಬಿಸಿಯನ್ನು ಹೇಳುವ ಚಿಪ್ಪಿನ ಮೆಗ್ನೀಸಿಯಂ–ಕ್ಯಾಲ್ಸಿಯಂ ಪ್ರಮಾಣ ಅಳೆಯುತ್ತಾರೆ. ಬಹಳ ಹಳೆಯ ಸುಣ್ಣದ ಚಿಪ್ಪು ಅಂತರ್ಜಲದಲ್ಲಿ ಮಾರ್ಪಟ್ಟಿರುವುದೇ ಹೆಚ್ಚು. ಅಲ್ಲಿ ಕೊನೊಡಾಂಟ್ ಎಂಬ ಅಳಿದ ಜೀವಿಯ ಪುಟಾಣಿ ಫಾಸ್ಫೇಟ್ ಹಲ್ಲು ಹೆಚ್ಚು ನಂಬಿಕಸ್ಥ. ತಿಳಿಹಳದಿ ಹಲ್ಲು ಸಿಕ್ಕರೆ ಅಳತೆಗೆ ಇಡುತ್ತಾರೆ. ಕಪ್ಪಾಗಿದ್ದರೆ ಬಂಡೆ ಬೆಂದಿದೆ ಎಂದು ಪಕ್ಕಕ್ಕಿಡುತ್ತಾರೆ.